ನನ್ನ ಪಾಲಿನ ಕೀರ್ತನೆ

ಮಿನ್ಯಾ,
ಡಿಸೆಂಬರ್ ೬, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಬೂನಾ ಯೂಸ್ತುಸ್,

ನೋಡು, ಬರೆದೇಬಿಟ್ಟೆ. ಹನ್ನೆರಡು ವರ್ಷ ಸಫ್ವತ್ ಎಂದು ಕೂಗಿದ ಬಾಯಿಗೆ ದೀಕ್ಷೆಯ ಈ ಹೊಸ ಹೆಸರು ಇನ್ನೂ ಒಗ್ಗಿಲ್ಲ. ಗಂಡ ಪಾದ್ರಿಯಾದ ಮೇಲೆ ಹೆಂಡತಿಯೂ ಅವನನ್ನು 'ಅಬೂನಾ, ನಮ್ಮ ತಂದೆಯೇ' ಎನ್ನಬೇಕಂತೆ, ಗೌರವದಿಂದ ಮಾತಾಡಬೇಕಂತೆ. ಜನರೆದುರು ಹಾಗೇ ಮಾಡುತ್ತೇನೆ. ಕಾಗದದಲ್ಲಿ ಯಾರೂ ಇಣುಕುವುದಿಲ್ಲವಾದ್ದರಿಂದ ನೀನು ನನಗೆ 'ನೀನು' ಅಷ್ಟೇ. ಮೊಣಕಾಲು ನೋವು ಹೇಗಿದೆ? ಹೊಸ ಪಾದ್ರಿಗಳು ಮೊದಲ ನಲವತ್ತು ದಿನ ಮಠದಲ್ಲಿದ್ದು ಬೆಳಗಿನ ಜಾವದಿಂದ ಗಂಟೆಗಟ್ಟಲೆ ನಿಂತೇ ಪೂಜೆ ಕಲಿಯಬೇಕೆಂದು ಕೇಳಿ ನನಗೇ ಕಾಲು ಸೆಳೆಯಿತು. ಮರುಭೂಮಿಯ ಚಳಿಗೆ ಉಣ್ಣೆಯ ಕಾಲುಚೀಲ ಹಾಕಿಕೋ, ತಪಸ್ವಿಯ ಹಾಗೆ ಬರಿಗಾಲಲ್ಲಿ ಓಡಾಡಬೇಡ. ದಾಡಿ ತುರಿಸುತ್ತದೆಯೇ? ತುರಿಸಲಿ, ಇನ್ನು ಜೀವಮಾನವಿಡೀ ಅದು ನಿನ್ನ ಜೊತೆಗೇ ಇರುತ್ತದೆ. ನಿನ್ನ ಫೋನು ಬಿಷಪ್ಪರ ಕಪಾಟಿನಲ್ಲಿ ಭದ್ರವಾಗಿದೆಯಂತೆ. ಅದಕ್ಕೇ ಈ ಕಾಗದ. ಮಠಕ್ಕೆ ತರಕಾರಿ ಒಯ್ಯುವ ಅಯ್ಯಾದ್ ಸಂಜೆ ಬಂದು ಇದನ್ನು ತೆಗೆದುಕೊಂಡು ಹೋಗುತ್ತಾನೆ.

ಇಲ್ಲಿ ಮಕ್ಕಳು ಚೆನ್ನಾಗಿದ್ದಾರೆ. ಕಾರಾಸ್, ಕ್ರಿಸ್‌ಮಸ್‌ಗೆ ಮುಂಚಿನ ಈ ಮಾಂಸವಿಲ್ಲದ ಉಪವಾಸದ ಕಾಲವೆಂದರೆ ಫೂಲ್ ಕಾಳಿನ ಶಿಕ್ಷೆ ಎಂದು ಗೊಣಗುತ್ತಲೇ ಎರಡು ತಟ್ಟೆ ತಿನ್ನುತ್ತಾನೆ. ವೆರೀನಾ ಶಾಲೆಯಲ್ಲಿ 'ನಮ್ಮಪ್ಪ ಈಗ ಎಲ್ಲರಿಗೂ ಅಪ್ಪ' ಎಂದು ಹೇಳಿ, ಬಂದು ಸೋಫಾದ ಮೇಲೆ ಕವುಚಿಕೊಂಡು ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು! ಅತ್ತೆಯವರಿಗೆ ರಕ್ತದೊತ್ತಡದ ಮಾತ್ರೆ ನುಂಗಿಸುವುದೇ ನನ್ನ ದೊಡ್ಡ ಸೇವೆ. ಮಗನ ಕೈಗೆ ತಾನೇ ಮುತ್ತಿಡಬೇಕಾಯಿತಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾರೆ. ಚಿಕ್ಕಂದಿನಲ್ಲಿ ಆ ಕೈಯನ್ನು ದಿನಕ್ಕೆಷ್ಟು ಸಲ ಸೋಪು ಹಚ್ಚಿ ತೊಳೆದಿದ್ದೆ ಎನ್ನುವುದನ್ನೂ ಸೇರಿಸಲು ಮರೆಯುವುದಿಲ್ಲ. ದೀಕ್ಷೆಯ ದಿನ ನಾನು ಮುತ್ತಿಡಲು ಬಂದಾಗ ನೀನು ಕೈ ಎಳೆದುಕೊಂಡೆಯಲ್ಲ, ಅದನ್ನು ನಾನು ಯಾರಿಗೂ ಹೇಳಿಲ್ಲ. ಅದು ನನ್ನೊಳಗೇ ಇರಲಿ.

ಈಗ ಸಿಟ್ಟಿನ ಸುದ್ದಿ. ನೀನು ಹೋದ ಮಾರನೇ ದಿನದಿಂದ ಮನೆಯ ಕರೆಗಂಟೆಗೆ ಬಿಡುವಿಲ್ಲ. ಅಬೂನಾ ಊರಲ್ಲಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೂ ಬರುತ್ತಾರೆ. ಅಬೂನಾ ಇಲ್ಲದಿದ್ದರೆ ಏನಂತೆ, ಅವರ ಹೆಂಡತಿ, ಊರಿಗೆಲ್ಲ 'ತಸೋನಿ', ಅಕ್ಕ, ಇದ್ದಾಳಲ್ಲ! ನಾನು ಶಾಲೆಯಲ್ಲಿ ಮೂವತ್ತೆಂಟು ಹುಡುಗಿಯರಿಗೆ ಬೀಜಗಣಿತ ಹೇಳಿ ಗಂಟಲು ಒಣಗಿಸಿಕೊಂಡು ಬಂದರೆ, ಮೆಟ್ಟಿಲ ಮೇಲೆ ಆಗಲೇ ಯಾರೋ ಕೂತಿರುತ್ತಾರೆ. ಎಲ್ಲರಿಗೂ ಚಹಾ, ಎಲ್ಲರಿಗೂ ಸಮಾಧಾನ. ಹೋಗುವಾಗ ಎಲ್ಲರದೂ ಒಂದೇ ಮಾತು, ತಸೋನಿ ನಮಗಾಗಿ ಪ್ರಾರ್ಥಿಸು ಎಂದು. ನಾನೂ ಹೂಂ ಅನ್ನುತ್ತಿದ್ದೆ. ಬೀದಿಯಾಚೆಯ ವಿಧವೆ ಉಮ್ಮ್ ಹೆಲ್ಮಿ ತನ್ನ ಮಗನ ಮೂತ್ರಪಿಂಡದ ಆಪರೇಷನ್ನಿಗಾಗಿ ನನ್ನ ಎರಡೂ ಕೈ ಹಿಡಿದು ಕೇಳಿಕೊಂಡಳು. ಅವಳಿಗೂ ಹೂಂ ಅಂದೆ. ಆದರೆ ಸಫ್ವತ್, ನಾನು ಪ್ರಾರ್ಥಿಸುತ್ತಲೇ ಇರಲಿಲ್ಲ. ಪಾತ್ರೆ ತೊಳೆದು, ತಲೆಗೆ ಬಟ್ಟೆ ಹಾಕಿಕೊಂಡು, ಪೂರ್ವಕ್ಕೆ ಮುಖ ಮಾಡಿ ನಮ್ಮ ಹೊತ್ತುಹೊತ್ತಿನ ಪ್ರಾರ್ಥನೆಯ ಪುಸ್ತಕ ಅಗ್ಬಿಯಾ ತೆರೆದರೆ, ಮೂರನೇ ಕೀರ್ತನೆಗೆ ನಿಂತಲ್ಲೇ ತೂಕಡಿಕೆ. ಅರ್ಧಕ್ಕೆ ಬಿಟ್ಟದ್ದು ಲೆಕ್ಕಕ್ಕಿಲ್ಲ ಎಂದು ಮರುದಿನ ಮತ್ತೆ ಮೊದಲಿನಿಂದ. ಕೊನೆಗೆ ಪುಸ್ತಕ ತೆರೆಯುವುದನ್ನೇ ಬಿಟ್ಟೆ. ಊರಿನವರ ದುಃಖವನ್ನೆಲ್ಲ ಇಸಿದುಕೊಂಡು ಎಲ್ಲಿಯೂ ಇಳಿಸದೆ ಹೊತ್ತು ತಿರುಗುತ್ತಿದ್ದೆ.

ಹಾಗಾಗಿ ಒಂದು ದಿನ ಅತ್ತೆಯವರಿಗೆ ನೇರವಾಗಿಯೇ ಹೇಳಿದೆ, ಮಕ್ಕಳನ್ನು ಕರೆದುಕೊಂಡು ಅಲೆಕ್ಸಾಂಡ್ರಿಯಾಕ್ಕೆ ಅಮ್ಮನ ಮನೆಗೆ ಹೋಗುತ್ತೇನೆ, ಅಲ್ಲೇ ಶಾಲೆಗೂ ಸೇರಿಸುತ್ತೇನೆ, ನಿಮ್ಮ ಮಗ ದೇವರ ಕೆಲಸ ಮಾಡಿಕೊಂಡಿರಲಿ ಎಂದು. ನಿನ್ನ ದೀಕ್ಷೆಗೆ ಬಿಷಪ್ಪರು ನನ್ನ ಒಪ್ಪಿಗೆ ಕೇಳಿದಾಗ ಒಪ್ಪಿದವಳು ನಾನೇ, ಗೊತ್ತು. ಒಪ್ಪುವಾಗ ಇದು ಗೊತ್ತಿರಲಿಲ್ಲ. ಅಮ್ಮನಿಗೂ ಫೋನು ಮಾಡಿದೆ. ಅವಳು ಕೋಣೆ ಖಾಲಿ ಮಾಡಿಸಲು ಶುರುಮಾಡಿಯೇಬಿಟ್ಟಳು. ಅತ್ತೆಯವರು ಬೈಯುತ್ತಾರೆಂದುಕೊಂಡಿದ್ದೆ. ಮೊಲೊಖಿಯಾ ಸೊಪ್ಪು ಹೆಚ್ಚುತ್ತಿದ್ದವರು ತಲೆ ಎತ್ತದೆ, "ಮಗನ್ನ ದೇವರಿಗೆ ಕೊಟ್ಟಿದ್ದಾಯ್ತು. ಸೊಸೇನ ರೈಲಿಗೆ ಕೊಡ್ಬೇಕಾ?" ಅಂದರು. ಆಮೇಲೆ ಎರಡು ದಿನ ನನ್ನೊಂದಿಗೆ ಮಾತಿಲ್ಲ.

ಹೋದ ವಾರ ಬುಧವಾರ ಏನಾಯಿತು ಕೇಳು. ಹೊತ್ತು ಮುಳುಗುವ ಸಮಯ. ಒಲೆಯ ಮೇಲೆ ಕಾಳು ತಳ ಹಿಡಿಯುತ್ತಿದೆ. ಹಜಾರದಲ್ಲಿ ಉಮ್ಮ್ ಹೆಲ್ಮಿ. ಅವಳ ಪಕ್ಕದಲ್ಲಿ ಅಂಚೆ ಕಚೇರಿಯಿಂದ ನಿವೃತ್ತರಾದ ಉಸ್ತಾದ್ ನಸೀಫ್, ಹಿಂದಿನ ಅಬೂನಾರ ಹೆಂಡತಿ ಬಂದವರಿಗೆ ಕೈಯಾರೆ ಕೇಕ್ ಮಾಡಿ ಕೊಡುತ್ತಿದ್ದಳು ಎಂದು ವರ್ಣಿಸುತ್ತ. ಎದುರಿಗೆ ಮೂರನೇ ಮಹಡಿಯ ಹೊಸ ಜೋಡಿ, ಅವನ ತಂಗಿಯ ವಿಷಯಕ್ಕೆ ಕಿತ್ತಾಡುತ್ತ. ನನಗೆ ತಲೆ ಚಿಟ್ಟು ಹಿಡಿಯಿತು. ಇವರನ್ನು ಮರ್ಯಾದೆಯಿಂದ ಹೊರಗೆ ಕಳಿಸಲು ಒಂದೇ ದಾರಿ ಹೊಳೆಯಿತು. ಅಗ್ಬಿಯಾ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ಕ್ಷಮಿಸಿ, ನನ್ನ ಸಂಜೆಯ ಪ್ರಾರ್ಥನೆಯ ಹೊತ್ತಾಯಿತು ಎಂದೆ. ಅರ್ಥವಾಗಲಿ ಎಂದು ಹೊರಬಾಗಿಲನ್ನೂ ಸ್ವಲ್ಪ ತೆರೆದೆ.

ಎದ್ದರು, ಹೌದು. ಆದರೆ ಬಾಗಿಲ ಕಡೆಗೆ ಹೋಗಲಿಲ್ಲ. ಉಮ್ಮ್ ಹೆಲ್ಮಿ ತಲೆಯ ಬಟ್ಟೆ ಸರಿಮಾಡಿಕೊಂಡು ಪೂರ್ವಕ್ಕೆ ತಿರುಗಿದಳು, ಅವಳ ಹಿಂದೆ ಎಲ್ಲರೂ ತಿರುಗಿದರು. ನಮ್ಮ ಹಜಾರದಲ್ಲಿ ಪೂರ್ವವೆಂದರೆ ಟೀವಿ. ಕಾರಾಸ್ ಓಡಿಬಂದು ಅದನ್ನು ಆರಿಸಿದ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದಾರೆ. ನಾನೇನು ಮಾಡಲಿ? ಇಗರ್ಜಿಯಲ್ಲಿ ಪೂಜೆಗೆ ಮುಂಚೆ ನೀವು ಮಾಡುತ್ತೀರಲ್ಲ, ಹೊತ್ತಿನ ಕೀರ್ತನೆಗಳನ್ನು ನಿಂತವರಿಗೆಲ್ಲ ಹಂಚಿ, ಒಬ್ಬೊಬ್ಬರೂ ತಮ್ಮದನ್ನು ಮೆಲ್ಲಗೆ ಹೇಳಿಕೊಂಡು ಎಲ್ಲ ಸೇರಿ ಒಂದು ಹೊತ್ತಿನ ಪ್ರಾರ್ಥನೆ ಪೂರ್ತಿಯಾಗುವಂತೆ, ಹಾಗೇ ಹಂಚಿದೆ. ಒಬ್ಬೊಬ್ಬರ ಹತ್ತಿರ ಹೋಗಿ ಕಿವಿಯಲ್ಲಿ ಮೊದಲ ಪದ ಹೇಳಿದೆ. ನಸೀಫರಿಗೆ ಉದ್ದದ್ದು, ಬೇಕೆಂದೇ. ಜಗಳದ ಜೋಡಿಗೆ ಅಕ್ಕಪಕ್ಕದ್ದು. ಅತ್ತೆಯವರು ಕೇಳದೆಯೇ ಮೂರು ತೆಗೆದುಕೊಂಡರು. ವೆರೀನಾಗೆ ಎಲ್ಲಕ್ಕಿಂತ ಚಿಕ್ಕದ್ದು.

ಹಂಚಿ ಮುಗಿದ ಮೇಲೆ ನೋಡಿದರೆ ನನಗೇ ಉಳಿದಿರಲಿಲ್ಲ! ನನ್ನನ್ನು ಎಣಿಸುವುದನ್ನೇ ಮರೆತಿದ್ದೆ. ಎಲ್ಲರೂ ಗುನುಗತೊಡಗಿದ್ದಾರೆ, ನಾನೊಬ್ಬಳು ಪಾಲಿಲ್ಲದೆ ಪೆಚ್ಚುಪೆಚ್ಚಾಗಿ ನಿಂತಿದ್ದೇನೆ. ಮೊದಲಿನಿಂದ ಹಂಚಲೇ ಎಂದು ಪುಟ ತಿರುವುತ್ತಿದ್ದಾಗ ಅತ್ತೆಯವರು ನನ್ನ ತೋಳು ಹಿಡಿದರು.

"ಹಂಚಿದ್ದು ಹಂಚಿದ ಹಾಗೇ ಇರ್ಲಿ ಬಿಡೇ. ಇವತ್ತು ನಿನ್ ಪಾಲಿಂದೂ ನಾವೇ ಹೇಳ್ತೀವಿ. ನೀ ಸುಮ್ನೆ ಕೂತ್ಕೋ."

ಕೂತೆ. ಸೋಫಾದ ಅಂಚಿನಲ್ಲಿ, ಪುಸ್ತಕ ಕೈಯಲ್ಲಿರುವಾಗಲೇ. ಸುತ್ತ ಏಳೆಂಟು ದನಿಗಳು, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ, ಆದರೂ ಒಟ್ಟಿಗೆ. ನಾನು ಏನನ್ನೂ ಓದಲಿಲ್ಲ, ಏನನ್ನೂ ಬೇಡಲಿಲ್ಲ. ಇಷ್ಟು ದಿನ ನಾನೊಬ್ಬಳೇ ಕೊನೆ ಮುಟ್ಟಿಸಬೇಕೆಂದು ಒದ್ದಾಡಿದ್ದು ನನ್ನ ತಲೆಯ ಮೇಲಿಂದ ತಾನಾಗಿ ಸಾಗುತ್ತಿತ್ತು. ಉಮ್ಮ್ ಹೆಲ್ಮಿಯ ಮಗ ನೆನಪಾದ. ಅವನಿಗೆ ಒಳ್ಳೆಯದಾಗಲಿ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆಮೇಲೆ ನೀನು ನೆನಪಾದೆ. ಎದೆ ಹಗುರಾಗಿ ಕಣ್ಣು ತುಂಬಿ ಬಂತು. ಯಾರೂ ನನ್ನ ಕಡೆ ನೋಡಲಿಲ್ಲ, ದೇವರು ಅವರಿಗೆ ಒಳ್ಳೆಯದು ಮಾಡಲಿ.

ಕೊನೆಗೆ 'ಕರ್ತನೇ ಕರುಣಿಸು' ಎಂದು ನಲವತ್ತೊಂದು ಸಲ ಹೇಳುವಾಗ ಬೆರಳು ಎಣಿಸುವ ಕೆಲಸ ವೆರೀನಾಳದು. ಅವಳು ಎರಡು ಸಲ ಲೆಕ್ಕ ತಪ್ಪಿ ಮತ್ತೆ ಶುರುಮಾಡಿದಳು. ನಸೀಫರು ಜಾಸ್ತಿಯಾಯಿತೆಂದು ಆಕ್ಷೇಪ ಎತ್ತಿದರೆ ಅತ್ತೆಯವರು, "ಹೆಚ್ಚಾಗಿದ್ದನ್ನ ದೇವರೇನು ವಾಪಸ್ ಕೊಡ್ತಾನಾ? ಸುಮ್ನಿರಪ್ಪಾ" ಅಂದರು. ಕಾಳು ಪೂರಾ ಸೀದುಹೋಗಿತ್ತು. ಬ್ರೆಡ್ಡು, ಟೊಮೆಟೊ ಇಟ್ಟೆ. ಎಲ್ಲರೂ ತಿಂದೇ ಹೋದರು. ಜೋಡಿ ಮೆಟ್ಟಿಲು ಇಳಿಯುತ್ತಲೇ ತಂಗಿಯ ವಿಷಯ ಮತ್ತೆ ಎತ್ತಿದ್ದು ನನಗೆ ಕೇಳಿಸಿತು. ಅವತ್ತಿನಿಂದ ಸಂಜೆ ಬಂದವರಿಗೆ ಮೊದಲು ಕೀರ್ತನೆ, ಆಮೇಲೆ ಚಹಾ, ಆಮೇಲೆ ಅಹವಾಲು. ಇಬ್ಬರು ಮೂವರು ಬರುವುದನ್ನೇ ನಿಲ್ಲಿಸಿದ್ದಾರೆ. ಅದೂ ಒಂದು ಲಾಭವೇ.

ಅಲ್ಲಿನ ಸನ್ಯಾಸಿಗಳಿಗೆಲ್ಲ ನನ್ನ ನಮಸ್ಕಾರ ಹೇಳು. ಮಕ್ಕಳು ನಿನ್ನ ಕೈಗೂ ಕೆನ್ನೆಗೂ ಮುತ್ತಿಟ್ಟಿದ್ದಾರೆ. ಹೊಟ್ಟೆ ತುಂಬ ಉಣ್ಣು ಎಂದು ನಿನ್ನಮ್ಮ ಒಳಗಿಂದಲೇ ಕೂಗುತ್ತಿದ್ದಾರೆ. ಕನ್ಯೆ ಮರಿಯಮ್ಮ ನಿನ್ನನ್ನು ಕಾಯಲಿ.

ನಿನ್ನ
ಫೆಬ್ರೋನಿಯಾ

ಮರೆತದ್ದು: ಅಯ್ಯಾದ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಲೆಕ್ಸಾಂಡ್ರಿಯಾಕ್ಕೆ ಹೋಗುವುದಿಲ್ಲ, ಬೆಳಿಗ್ಗೆ ಅಮ್ಮನಿಗೆ ಹೇಳಿಬಿಟ್ಟೆ. ನೀನು ಊರಿಗೆಲ್ಲ ಅಬೂನಾ ಆಗು, ನನ್ನ ಅಡ್ಡಿಯಿಲ್ಲ. ಆದರೆ ನಾನು ಸೋತ ದಿನ ನನ್ನ ಪಾಲಿನದನ್ನು ನೀನು ಹೇಳಬೇಕು, ನೀನು ಸೋತ ದಿನ ನಾನು ಹೇಳುತ್ತೇನೆ. ಇದಕ್ಕೆ ಒಪ್ಪಿಗೆಯಿದ್ದರೆ ಬಾ. ಒಪ್ಪದಿದ್ದರೂ ಬಾ, ಬಂದ ಮೇಲೆ ಒಪ್ಪಿಸುತ್ತೇನೆ.