ಸೋದರಮಾವನ ತೊಡೆ

ಜನವರಿ 8, ಬುಧವಾರ. ಸಂಜೆ

ಸಮಸ್ತ ಭೂಮಂಡಲಕ್ಕೂ, ಅದರಲ್ಲಿಯೂ ವಿಶೇಷವಾಗಿ ಜರಗನಹಳ್ಳಿಯ ಬೈರಣ್ಣನವರ ಬಿಲ್ಡಿಂಗಿನ ಮೊದಲ ಮಹಡಿಗೂ ಏಕಚ್ಛತ್ರಾಧಿಪತಿಯಾದ, ಅನ್ನದ ಅಗುಳನ್ನು ದಶದಿಕ್ಕುಗಳಿಗೂ ದಾನ ಮಾಡಿದ, ಡೈಪರ್ ಹಾಕಿಸಿಕೊಳ್ಳುವಾಗ ಅರ್ಧದಲ್ಲೇ ಎದ್ದು ಓಡುವುದರಲ್ಲಿ ಅಸಮಾನ ಶೌರ್ಯ ಮೆರೆದ ಶ್ರೀಮನ್ಮಹಾರಾಣಿ ತನ್ಮಯೀ ದೇವಿಯವರ ಪಾದಾರವಿಂದಗಳಿಗೆ, ಅವರ ಏಕೈಕ ಸೋದರಮಾವನೂ ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿಯೂ ಆದ ವಸಿಷ್ಠನು ಸಾಷ್ಟಾಂಗ ಎರಗಿ ಮಾಡುವ ಬಿನ್ನಹ:

ನೀವು ದ್ರೋಹಿ.

ಒಂದೂವರೆ ವರ್ಷದ ನಿಮಗೆ ಓದಲು ಬರುವುದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇವತ್ತೂ ಅದೇ ಕಥೆ. ಅಕ್ಕ ಆಫೀಸಿನಿಂದ ಬರುವಷ್ಟರಲ್ಲಿ ಮಗುವಿಗೆ ಊಟ ಮಾಡಿಸಬೇಕು. ಕಾಲೇಜಿಗೆಂದು ತಿಪಟೂರಿನಿಂದ ಬಂದು ಅಕ್ಕನ ಮನೆ ಸೇರಿಕೊಂಡವನಿಗೆ ಇರುವುದು ಇದೊಂದೇ ಹುದ್ದೆ. ತುಪ್ಪ, ತಿಳಿಸಾರು, ಅನ್ನ — ನುಣ್ಣಗೆ ಕಲಸಿ ಬಾಲ್ಕನಿಗೆ ಒಯ್ದೆ. ಕಾಗೆ ತೋರಿಸಿದೆ. ಕನಕಪುರ ರೋಡಿನ ಬಸ್ಸುಗಳನ್ನೆಲ್ಲ ತೋರಿಸಿದೆ. ನಾನೇ ನಾಯಿಯಾದೆ. ಬಾಯಿ ಬಿಡಲಿಲ್ಲ.

ಆಗ ಮೆಟ್ಟಿಲು ಹತ್ತಿ ಬಂದ ಮೋಹಿತ್. ಓನರ್ ಬೈರಣ್ಣನವರ ಮಗ. ನನ್ನದೇ ವಯಸ್ಸು. ನೀರಿನ ಮೋಟಾರ್ ಆಫ್ ಮಾಡಲು ಬಂದವನು. ಮಹಾರಾಣಿ ಎರಡೂ ಕೈ ಚಾಚಿ, ಸ್ಪಷ್ಟವಾಗಿ, "ಮಾಮ" ಎಂದರು.

ಅವನಿಗೆ.

ಹಿಂದುಗಡೆ ಕೊಟ್ಟಿಗೆಗೆ ಎತ್ತಿಕೊಂಡು ಹೋದ. ಕರುವಿನ ಎದುರು ಐದೇ ನಿಮಿಷಕ್ಕೆ ಬಟ್ಟಲು ಖಾಲಿ. ಅಪಾರ್ಟ್‌ಮೆಂಟ್‌ಗಳ ನಡುವೆ ಇನ್ನೂ ಹಸು ಕಟ್ಟಿಕೊಂಡಿರುವ ಮನೆ ಇಡೀ ಬೀದಿಗೆ ಇದೊಂದೇ. ಅಕ್ಕ ಬಾಡಿಗೆಗೆ ಹುಡುಕಿದ್ದೂ ಇದನ್ನೇ. ಹಸು ಇರುವವನ ಜೊತೆ ನನ್ನಂಥ ಬರಿಗೈ ಮನುಷ್ಯ ಸ್ಪರ್ಧಿಸುವುದು ಹೇಗೆ?

ಜನವರಿ 11, ಶನಿವಾರ

ವೈಜ್ಞಾನಿಕ ಪ್ರಯೋಗ ಆರಂಭ. ಮಗುವಿಗೆ ದಿನಾ ಬೆಳಿಗ್ಗೆ ಐರನ್ ಡ್ರಾಪ್ಸ್ ಹಾಕಬೇಕು. ನಾನೂ ನೆಕ್ಕಿ ನೋಡಿದ್ದೇನೆ — ತುಕ್ಕು ಹಿಡಿದ ಗೇಟಿನ ರುಚಿ. ಇನ್ನು ಮೇಲೆ ಡ್ರಾಪ್ಸ್ ಹಾಕುವ ಮುನ್ನ ಮೋಹಿತನ ವಾಟ್ಸ್ಯಾಪ್ ಡಿಪಿ ತೋರಿಸುವುದು. ಮುಖ, ಆಮೇಲೆ ಕಹಿ. ಮುಖ, ಆಮೇಲೆ ಕಹಿ. ವಾರದೊಳಗೆ ಆ ಮುಖ ಕಂಡರೆ ವಾಕರಿಕೆ ಬರಬೇಕು.

ವಿಜ್ಞಾನ ನನ್ನ ಪಕ್ಷದಲ್ಲಿದೆ.

ಜನವರಿ 19, ಭಾನುವಾರ

ವಿಜ್ಞಾನ ಪಕ್ಷಾಂತರ ಮಾಡಿದೆ.

ಡಿಪಿ ಕಂಡ ಕೂಡಲೇ ಬಾಯಿ ಆ ಎಂದು ತೆರೆಯುತ್ತಾಳೆ. ಡ್ರಾಪ್ಸ್ ನುಂಗಿ ಫೋನಿಗೆ ಮುತ್ತು ಕೊಡುತ್ತಾಳೆ. ಅಕ್ಕನಿಗೆ ಪರಮಾನಂದ. ನನ್ನ ತಲೆ ಸವರಿ, ಎಂಥ ಐಡಿಯಾ ಮಾಡಿದೆಯೋ ಎಂದಳು. ಭಾವ ತಿರುಮಲೇಶರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಫೋಟೋವನ್ನು ಕಲರ್ ಪ್ರಿಂಟ್ ತೆಗೆಸಿ ತಂದು ಫ್ರಿಜ್ಜಿಗೆ ಅಂಟಿಸಿದರು. ಈಗ ನಾನು ಮೊಸರು ತೆಗೆಯಲು ಹೋದಾಗಲೆಲ್ಲ ಮೋಹಿತ್ ಹಲ್ಲು ಬಿಟ್ಟು ಸ್ವಾಗತಿಸುತ್ತಾನೆ.

ನನ್ನ ಫೋಟೋ ಈ ಮನೆಯಲ್ಲಿ ಒಂದೇ ಒಂದು ಇದೆ. ಅಕ್ಕನ ಮದುವೆ ಆಲ್ಬಮ್ಮಿನಲ್ಲಿ. ಬೋಂಡ ತಿನ್ನುತ್ತಿರುವುದು.

ಜನವರಿ 26, ಭಾನುವಾರ

ಧರ್ಮ ಇನ್ನೂ ಉಳಿದಿದೆ. ಮಗುವಿಗೆ ಕಿವಿ ಚುಚ್ಚಿಸಲು ಫೆಬ್ರವರಿ ಏಳಕ್ಕೆ ದಿನ ನೋಡಿದ್ದಾರಂತೆ. ಭಾವನ ತಾಯಿ ಸರಸ್ವತಮ್ಮ, ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು, ಊಟದ ಹೊತ್ತಿನಲ್ಲಿ ಘೋಷಿಸಿದರು. ಅಂಗಡಿ ಗನ್ನು ಬೇಡ, ಅಕ್ಕಸಾಲಿ ಆಚಾರ್ರು ಮನೆಗೇ ಬಂದು ಚಿನ್ನದ ತಂತಿಯಲ್ಲಿ ಚುಚ್ಚಬೇಕು. ಮಗು ಕೂರಬೇಕಾದ್ದು ಸೋದರಮಾವನ ತೊಡೆಯ ಮೇಲೆ.

ಕೇಳಿಸಿತೇ ಮೋಹಿತಾ? ಹಸುವಿಗೆ ಈ ಸ್ಥಾನವಿಲ್ಲ. ಕರುವಿಗೂ ಇಲ್ಲ.

ಅಕ್ಕ ಮಾತ್ರ ಒಂದೇ ಮಾತು ಹೇಳಿದಳು: "ಗಟ್ಟಿಯಾಗಿ ಹಿಡ್ಕೋಬೇಕು ಕಣೋ. ತಲೆ ಅಲ್ಲಾಡಿದ್ರೆ ಕಷ್ಟ. ಎಷ್ಟೇ ಅತ್ರೂ ಬಿಡಬಾರ್ದು." ಅಕ್ಕನ ಮಾತನ್ನು ಶಿರಸಾ ವಹಿಸಿದೆ.

ಸಂಜೆ ಹಾಲಿಗೆ ಕೆಳಗೆ ಹೋದಾಗ ಮೋಹಿತನ ತಾಯಿಗೆ ವಿಷಯ ಹೇಳಿದೆ, ಮಗನ ಕಿವಿಗೂ ಬೀಳಲಿ ಎಂದು ಸ್ವಲ್ಪ ಜೋರಾಗಿಯೇ. ಮುನಿಲಕ್ಷ್ಮಮ್ಮ ನಕ್ಕುಬಿಟ್ಟರು. "ನಮ್ ಮೋಹಿತುಂಗೂ ನಮ್ಮಣ್ಣನ್ ತೊಡೆ ಮೇಲೇ ಕೂರ್ಸಿ ಚುಚ್ಸಿದ್ದು ಕಣಪ್ಪ. ಆಮೇಲ್ ತಿಂಗಳುಗಟ್ಲೆ ಅವನ್ನ ಕಂಡ್ರೆ ಸಾಕು, ಚಿಟಾರ್ ಅಂತ ಕಿರ್ಚೋನು. ಪಾಪ, ಅವ್ನು ಬಾಗ್ಲಾಚೆನೇ ನಿಂತು ಮಾತಾಡಿ ಹೋಗೋನು."

ಹಾಲಿನ ಪಾತ್ರೆ ಹಿಡಿದು ಅಲ್ಲೇ ನಿಂತೆ. ತಲೆಯೊಳಗೆ ಒಂದು ದೀಪ ಹತ್ತಿತು.

ಜನವರಿ 28, ಮಂಗಳವಾರ

ದಾನಗಳಲ್ಲಿ ಶ್ರೇಷ್ಠ ದಾನ ಯಾವುದು? ತೊಡೆದಾನ.

ತೊಡೆ ಎಂಬುದು ಸಿಂಹಾಸನವಲ್ಲ, ಬೋನು. ಕೂರಿಸಿಕೊಂಡವನು ಕೆಟ್ಟ. ಆದ್ದರಿಂದ ಆ ಗೌರವವನ್ನು ಹೃತ್ಪೂರ್ವಕವಾಗಿ ಮೋಹಿತನಿಗೆ ಬಿಟ್ಟುಕೊಡುವುದು. ಚುಚ್ಚುವಾಗ ಹಿಡಿದವನು ಅವನು. ಅತ್ತಾಗ ಸಮಾಧಾನ ಮಾಡುವವನು ನಾನು.

ಬೆಳಿಗ್ಗೆ ಬೈಕಿನಿಂದ ಬಿದ್ದು ಬಲಗೈ ಮಣಿಕಟ್ಟು ಉಳುಕಿದೆ. ಅಂದರೆ, ಮೆಡಿಕಲ್ ಸ್ಟೋರಿನಿಂದ ಕ್ರೇಪ್ ಬ್ಯಾಂಡೇಜ್ ತಂದು ಸುತ್ತಿಕೊಂಡಿದ್ದೇನೆ. ಸರಸ್ವತಮ್ಮ ಒಪ್ಪಲಿಲ್ಲ. ಸೋದರಮಾವ ಮನೆಯಲ್ಲೇ ಇರುವಾಗ ಬೇರೆಯವರನ್ನು ಕೂರಿಸುವುದು ಎಲ್ಲಿಯ ಪದ್ಧತಿ ಎಂದರು. ಮುಹೂರ್ತ ಮುಂದೆ ಹಾಕೋಣ ಎಂದರು. ನಾನು ಕಣ್ಣು ತಗ್ಗಿಸಿ, ನನ್ನೊಬ್ಬನ ಸಲುವಾಗಿ ಮಗುವಿನ ಶುಭಕಾರ್ಯ ನಿಲ್ಲಬಾರದು ಎಂದೆ. ಮೋಹಿತನ ಹೆಸರು ಹೇಳಿದೆ. ಕೊನೆಗೆ ಫ್ರಿಜ್ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಆಯ್ತಪ್ಪ. ಮಗು ಯಾರನ್ನ ಮಾಮ ಅನ್ನತ್ತೋ ಅವನೇ ಮಾಮ."

ಯೋಜನೆ ಫಲಿಸಿತು. ಆ ವಾಕ್ಯ ಮಾತ್ರ ಇನ್ನೂ ಚುಚ್ಚುತ್ತಿದೆ.

ಫೆಬ್ರವರಿ 2, ಭಾನುವಾರ

ಮೋಹಿತ್ ಟೆರೇಸಿಗೆ ಕರೆದ. ಜಗಳಕ್ಕೆ ಎಂದುಕೊಂಡೆ. ಅವನು ನೀರಿನ ಟ್ಯಾಂಕಿಗೆ ಒರಗಿ ನಿಂತು, ನನ್ನ ಮುಖ ನೋಡದೆ ಮಾತಾಡಿದ.

"ನಂಗೆ ಅಕ್ಕ ಇಲ್ಲ, ತಂಗಿ ಇಲ್ಲ ಮಗಾ. ನಾನ್ ಯಾವತ್ತೂ ಯಾರಿಗೂ ಸೋದರಮಾವ ಆಗಲ್ಲ. ನೀನ್ ನಿಂದು ಬಿಟ್ಕೊಟ್ಟಿದೀಯ."

ಆಮೇಲೆ ಹೊಸ ಪಂಚೆ ತೆಗೆದುಕೊಂಡಿರುವುದಾಗಿಯೂ, ಅದನ್ನು ಉಡಲು ಬಾರದ ಕಾರಣ ದಿನಾ ಪ್ರಾಕ್ಟೀಸ್ ಮಾಡುತ್ತಿರುವುದಾಗಿಯೂ ತಿಳಿಸಿದ. ಕೈ ಕುಲುಕಲು ಬಂದವನು ಬ್ಯಾಂಡೇಜ್ ನೋಡಿ ಭುಜ ತಟ್ಟಿದ.

ಖಳನಾಯಕನಾಗಲು ಎದುರಿಗೆ ಇರುವವನೂ ಸ್ವಲ್ಪ ಸಹಕರಿಸಬೇಕು. ಇವನು ಸಹಕರಿಸುತ್ತಿಲ್ಲ.

ಫೆಬ್ರವರಿ 7, ಶುಕ್ರವಾರ. ಮಧ್ಯಾಹ್ನ

ಆಯಿತು.

ನಡುಮನೆಯಲ್ಲಿ ಮಣೆ. ಮಣೆಯ ಮೇಲೆ ಪಂಚೆ ಉಟ್ಟ, ಅದು ಜಾರದ ಹಾಗೆ ಬೆಲ್ಟ್ ಕಟ್ಟಿದ ಮೋಹಿತ್. ಅವನ ತೊಡೆಯ ಮೇಲೆ ರೇಷ್ಮೆ ಲಂಗದಲ್ಲಿ ತನ್ಮಯಿ. ಆಚಾರ್ರು ಎರಡೂ ಕಿವಿಗೆ ಕುಂಕುಮದ ಬೊಟ್ಟಿಟ್ಟು ಗುರುತು ಮಾಡಿದರು. ನಾನು ಅಡುಗೆಮನೆ ಬಾಗಿಲಲ್ಲಿ, ಅಳು ಶುರುವಾದೊಡನೆ ರಂಗಪ್ರವೇಶ ಮಾಡಲು ಸಿದ್ಧನಾಗಿ ನಿಂತಿದ್ದೆ.

ಸರಸ್ವತಮ್ಮ ನನ್ನನ್ನು ಕರೆದರು. ಕೈ ತಾನೇ ಉಳುಕಿರುವುದು, ಮುಖ ಸರಿಯಾಗಿದೆಯಲ್ಲ, ಎದುರಿಗೆ ಕೂತು ಮಗುವಿಗೆ ಆಟ ತೋರಿಸು ಎಂದರು. ಇದು ಯೋಜನೆಯಲ್ಲಿ ಇರಲಿಲ್ಲ. ಕೂತೆ.

ಕೆನ್ನೆ ಊದಿಸಿ ಆನೆಯಾದೆ. ಬ್ಯಾಂಡೇಜ್ ಕೈಯೇ ಸೊಂಡಿಲು. ಸೊಂಡಿಲಿನಿಂದ ನನ್ನ ಮೂಗನ್ನೇ ಹಿಡಿದುಕೊಂಡು ಬಿದ್ದೆ. ನಕ್ಕಳು. ಮತ್ತೆ ಬಿದ್ದೆ. ಹೊಟ್ಟೆ ಕುಣಿಯುವ ಹಾಗೆ ನಕ್ಕಳು. ಮೋಹಿತ್ ಹಿಂದೆ ಇದ್ದ, ಅವಳಿಗೆ ಕಾಣುತ್ತಿರಲಿಲ್ಲ. ಕರು ಕೆಳಗಿತ್ತು. ಎಷ್ಟೋ ದಿನಗಳ ಮೇಲೆ ನನ್ನೊಬ್ಬನನ್ನೇ ನೋಡುತ್ತಿದ್ದಳು. ಕೈ ಚಾಚಿದಳು. "ಮಾ" ಅಂದಳು. ಇನ್ನೊಂದು ಅಕ್ಷರ ಬಾಕಿ ಇತ್ತು...

ಆಚಾರ್ರು ಚುಚ್ಚಿದರು.

ಆ ನಗು ಅಷ್ಟು ಬೇಗ ಹೋಗಬಹುದೆಂದು ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಆಚಾರ್ರನ್ನು ನೋಡಲಿಲ್ಲ. ಹಿಡಿದವನನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. ನಾನೇ ಏನೋ ಮಾಡಿದೆ ಎಂಬ ಹಾಗೆ. ನಾನಿನ್ನೂ ಆನೆಯಾಗಿದ್ದೆ, ಸೊಂಡಿಲು ಮೇಲೆತ್ತಿಕೊಂಡು.

ಇನ್ನೊಂದು ಕಿವಿಯೂ ಆಯಿತು. ತಿರುಗಿ ಮೋಹಿತನ ಎದೆಯಲ್ಲಿ ಮುಖ ಹುದುಗಿಸಿದಳು. ಎತ್ತಿಕೊಳ್ಳಲು ಹೋದೆ. ಕಿರುಚಿದ್ದು ಕೆಳಗಿನ ಹಸುವಿಗೂ ಕೇಳಿಸಿರಬೇಕು.

ಫೆಬ್ರವರಿ 16, ಭಾನುವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಇದ್ದದ್ದು ಒಂದೇ: ನನ್ನನ್ನು ಕಂಡರೆ ಅಳುತ್ತಾಳೆ. ಊಟ ನನಗೆ ಈಗ ಅಡುಗೆಮನೆಯಲ್ಲಿ. ನಡುಮನೆಗೆ ಬರುವ ಮೊದಲು ಅಕ್ಕನ ಪರ್ಮಿಷನ್ ಕೇಳಬೇಕು. ಭಾವ ತಮಾಷೆಗೆ ನನ್ನನ್ನು ಆನೆ ಎಂದು ಕರೆಯಲು ಶುರು ಮಾಡಿದ್ದರು, ಆ ಶಬ್ದಕ್ಕೂ ಅಳುತ್ತಾಳೆಂದು ನಿಲ್ಲಿಸಿದ್ದಾರೆ. ಬ್ಯಾಂಡೇಜ್ ಮೊನ್ನೆ ಬಿಚ್ಚಿ ಎಸೆದೆ. ಯಾರೂ ವಿಚಾರಿಸಲಿಲ್ಲ.

ಮೋಹಿತ್ ಸಂಧಾನಕ್ಕೆ ಪ್ರಯತ್ನ ಪಟ್ಟ. ಅವಳನ್ನು ಎತ್ತಿಕೊಂಡು ಬಂದು, ನಿಮ್ಮ ಮಾಮ ಅಲ್ವಾ, ಟಾಟಾ ಮಾಡು ಎಂದ. ಅವಳು ಅವನ ಕುತ್ತಿಗೆ ಬಿಗಿಯಾಗಿ ಅಪ್ಪಿಕೊಂಡಳು. ಸಂಜೆ ಅವಳು ಮಲಗಿದ ಮೇಲೆ ಒಬ್ಬನೇ ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತ.

"ಬೇಜಾರ್ ಮಾಡ್ಕೋಬೇಡ ಗುರು. ಆವತ್ತು ನಂಗೆ ಜೀವ ಬಾಯಿಗ್ ಬಂದಿತ್ತು. ಅವಳ್ ಕೈ ಮೇಲೆ ನನ್ ಬೆರಳಚ್ಚು ಕೆಂಪಗ್ ಮೂಡಿತ್ತು, ಅಷ್ಟ್ ಗಟ್ಟಿಯಾಗ್ ಹಿಡಿದಿದ್ದೆ. ಬಿಟ್ಬಿಡೋಣ, ಎದ್ದು ಓಡೋಣ ಅನ್ಸ್ತು. ನಿನ್ ಕೈ ಸರಿ ಇದ್ದಿದ್ರೆ ನೀನ್ ಇನ್ನೂ ಚೆನ್ನಾಗ್ ಹಿಡಿತಿದ್ದೆ ಅಲ್ವಾ?"

ಹೌದು ಎಂದೆ. ಸೋದರಮಾವನಲ್ಲವೇ, ರಕ್ತದಲ್ಲೇ ಇರುತ್ತೆ ಎಂದೆ. ನಂಬಿದ. ಕೆಳಗೆ ಹೋದ.

ಇದನ್ನು ಯಾರೂ ಓದುವುದಿಲ್ಲವಲ್ಲ. ಹಾಗಾದರೆ ಬರೆಯಬಹುದು. ತೊಡೆದಾನ, ಬೋನು, ಯೋಜನೆ — ಎಲ್ಲ ಆಮೇಲೆ ಕಟ್ಟಿಕೊಂಡದ್ದು. ಎಷ್ಟೇ ಅತ್ತರೂ ಬಿಡಬಾರದು ಎಂದು ಅಕ್ಕ ಹೇಳಿದಾಗಲೇ ನನಗೆ ಹೆದರಿಕೆ ಹತ್ತಿತ್ತು. ಕೈಗಳನ್ನು ತಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡೆ. ಮುನಿಲಕ್ಷ್ಮಮ್ಮನ ಕಥೆ ಇನ್ನೂ ಕೇಳಿಯೇ ಇರಲಿಲ್ಲ. ಮೋಹಿತನ ಮೇಲೆ ಹೊಟ್ಟೆಕಿಚ್ಚು ಇರುವುದು ನಿಜ, ಆದರೆ ಅದು ಈಗ ಹಸುವಿನ ವಿಷಯಕ್ಕಲ್ಲ. ಅವನಿಗೂ ಹೆದರಿಕೆ ಆಗಿತ್ತು. ಆದರೂ ಬಿಡಲಿಲ್ಲ. ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ.