ಖಾಲಿ ಬಿಡಬೇಕಿದ್ದ ಸಾಲು

ಅಕ್ಕಾ,

ಇವತ್ತು ವಿಚಾರಣೆಯಲ್ಲಿ ನಿನ್ನ ಪುಸ್ತಕವನ್ನು ಮೇಜಿನಿಂದ ಆಚೆ ತಳ್ಳಿದರು. ಹನ್ನೊಂದು ವರ್ಷ, ಪ್ರತಿ ಭಾನುವಾರ ಕೆರೆಗಿಳಿದು, ಬಾಟಲಿಯನ್ನು ಮೂರು ಸಲ ಅದೇ ನೀರಿನಲ್ಲಿ ತೊಳೆದು, ನೀರಿನಲ್ಲಿ ಕರಗಿದ ಆಮ್ಲಜನಕ ಅಳೆದು ನೀನು ಬರೆದಿಟ್ಟ ಪುಸ್ತಕ. ಬಣ್ಣದ ಕಾರ್ಖಾನೆಯ ವಿರುದ್ಧ ನಮ್ಮ ಕೈಯಲ್ಲಿದ್ದದ್ದು ಅದೊಂದೇ.

ಅಧಿಕಾರಿ ಕೊನೆಯ ಪುಟಕ್ಕೆ ಬೆರಳಿಟ್ಟ. "ಎರಡು ವಾರ ಒಂದೇ ಅಂಕಿ, ಒಂದೇ ಉಷ್ಣಾಂಶ. ಕೆರೆ ಏನು ನಿಮ್ಮಕ್ಕನ ಮುಂದೆ ಫೋಟೋಗೆ ನಿಂತಿತ್ತಾ?" ಕೆರೆಗೆ ವಿಷ ಉಣಿಸುವ ಕಾರ್ಖಾನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಎರಡು ವಾರಗಳಲ್ಲಿ ಎರಡನೆಯದು, ನೀನು ಆಸ್ಪತ್ರೆ ಸೇರಿ ವಾಪಸು ಬಾರದ ವಾರ. "ಕೆರೆಗೆ ಹೋಗಕ್ಕಾಗ್ದಿದ್ರೆ ಸಾಲು ಖಾಲಿ ಬಿಡೋ, ಬುದ್ಧಿವಂತಿಕೆ ತೋರಿಸ್ಬೇಡ" ಎಂದಿದ್ದೆ ನೀನು. "ಆಯ್ತು ಮೇಷ್ಟ್ರಮ್ಮ, ಹೋಗ್ತೀನಿ" ಎಂದಿದ್ದೆ ನಾನು. ಹೋಗಿದ್ದು ಮೆರವಣಿಗೆಗೆ, ಕೆರೆ ಉಳಿಸಿ ಎಂದು ಕೂಗುವುದಕ್ಕೆ. ಸಂಜೆ ಬಂದು ಹಿಂದಿನ ವಾರದ ಅಂಕಿಯನ್ನೇ ಇಳಿಸಿಬಿಟ್ಟೆ.

"ಇದು ಅವರದೇ ಅಕ್ಷರ ತಾನೇ?" ಎಂದು ಅಧಿಕಾರಿ ಕೇಳಿದ.

ನನ್ನ ಕೈ ಹಿಡಿದು ತಿದ್ದಿಸಿದವಳು ನೀನು. ನಮ್ಮಿಬ್ಬರ ಬರಹವನ್ನು ಯಾರೂ ಬೇರೆ ಮಾಡಲಾರರು. ಬೀದಿಬೀದಿಯಲ್ಲಿ ಮೈಕಿಲ್ಲದೆ ಕೂಗಿದ ಗಂಟಲು ನನ್ನದು. ಅದೇ ಗಂಟಲಿನಲ್ಲಿ ಹೇಳಿದೆ:

"ಹೌದು ಸಾರ್, ಅಕ್ಕಂದೇ."