ಕಾಗೆ ಬಡಿದ ಸುದ್ದಿ

ಕಟಕೋಳ,
21 ಏಪ್ರಿಲ್ 2025

ಚಿ. ಸೌ. ಸುಚೇತಾಳಿಗೆ,

ಒಬ್ಬರ ಸಲುವಾಗಿ ಒಂದೇ ಸಲ ಅಳಲಿಕ್ಕೆ ಬರತದ ಅಂದಿದ್ದೆಯೋ, ಒಂದೇ ಸಲ ಅಳಬೇಕು ಅಂದಿದ್ದೆಯೋ, ಸರಿಯಾಗಿ ನೆನಪಿಲ್ಲ. ಹೋದ ವರ್ಷ ನಿನ್ನ ಅತ್ತೆ ಸುಂದರವ್ವ ತೀರಿಕೊಂಡಾಗ ಗೌತಮನ ಹುಟ್ಟೂರು ಸುರೇಬಾನಕ್ಕೆ ಬಂದಿದ್ದೆನಲ್ಲ, ಅಂದು ಬಸ್ಸಿನ ತನಕ ಕಳಿಸಲು ಬಂದವಳು ದಾರಿಯಲ್ಲಿ ಹೇಳಿದ ಮಾತು. ನಿನ್ನ ಕಣ್ಣು ಬಾತುಕೊಂಡಿದ್ದವು. ಮಾತು ಸುಂದರವ್ವನ ಬಗ್ಗೆಯೇ ಎಂದುಕೊಂಡು ನಾನು ಬಸ್ಸು ಹತ್ತಿದೆ. ಈಗ ಹಾಗೆ ಅನ್ನಿಸುತ್ತಿಲ್ಲ.

ಅಣ್ಣನ ಆಶೀರ್ವಾದಗಳು. ತಡವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನೀನು ಫೋನ್ ಎತ್ತುತ್ತಿಲ್ಲ, ಗೌತಮನೂ ಎತ್ತುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ. ಪೋಸ್ಟಾಫೀಸಿಗೆ ಹೋಗಿ ಲಕೋಟೆ ಕೇಳಿದರೆ ಅಲ್ಲಿದ್ದ ಹುಡುಗಿ, “ಯಾವ ನೌಕರಿಗೆ ಅರ್ಜಿ ಹಾಕಾಕತ್ತೀರಿ ಸರ, ಈ ವಯಸ್ಸಿನ್ಯಾಗ?” ಎಂದು ನಕ್ಕಳು. ತಂಗಿಗೆ ಬರೆಯುವುದು ಎಂದೆ. ಅವಳು ಲಕೋಟೆ ಎಣಿಸಿ ಕೊಟ್ಟಳು.

ಸಾಲೆಗೆ ರಜೆ ಬಿಟ್ಟಿದೆ. ರಾಮದುರ್ಗಕ್ಕೆ ಹೋಗಿಬರುವುದಿಲ್ಲವಾದ್ದರಿಂದ ಇಡೀ ದಿನ ಹಿತ್ತಲಲ್ಲೇ ಕುಳಿತಿರುತ್ತೇನೆ. ಅವ್ವನ ಮೊಣಕಾಲು ಬಹಳ ನೋಯುತ್ತದೆಂದು ಚಳಿಗಾಲದಲ್ಲಿಯೇ ಅವಳ ಮಂಚವನ್ನು ಹಿಂದಿನ ಪಡಸಾಲೆಗೆ ಹಾಕಿದ್ದೇವೆ. ಅಲ್ಲಿಂದ ಅವಳಿಗೆ ಬೇವಿನ ಮರ, ಬಾವಿ, ಬಟ್ಟೆ ಒಣಹಾಕುವ ತಂತಿ ಎಲ್ಲ ಕಾಣಿಸುತ್ತದೆ. ನೀನು ಈ ಹಿತ್ತಲನ್ನು ನೋಡಿ ಹತ್ತೊಂಬತ್ತು ವರ್ಷವಾಯಿತು. ದಾಸವಾಳ ಸತ್ತುಹೋಗಿ ಮತ್ತೆ ಹಚ್ಚಿದ್ದೇವೆ. ಬೇವು ಈಗ ಪದ್ಮವ್ವನ ಗೋಡೆ ದಾಟಿ ಅವರ ಅಂಗಳದಲ್ಲೂ ಎಲೆ ಉದುರಿಸುತ್ತದೆ.

ಶಿವರಾತ್ರಿ ಮುಗಿದ ಮೇಲೆ ಹಕ್ಕಿಗಳ ಓಡಾಟ ಸುರುವಾಯಿತು. ಮೊದಲು ಸೂರಕ್ಕಿ ಬಂತು. ಹೆಬ್ಬೆರಳಿನಷ್ಟು ಹಕ್ಕಿ, ತಂತಿಯ ತುದಿಗೆ ಕಸದ ಗೊಂಚಲಿನಂಥ ಗೂಡು ಜೋತುಹಾಕಿತು. ನಿನ್ನ ವೈನಿ ವರದಾ ಆ ತಂತಿಯ ಮೇಲೆ ಅರಿವೆ ಹಾಕುವುದನ್ನು ಬಿಟ್ಟಳು. ಅವ್ವ ತಲೆ ಬಾಚಿಕೊಂಡು ಉಂಡೆಮಾಡಿ ಒಗೆದ ಬಿಳಿಯ ಕೂದಲನ್ನು ಅದು ಎತ್ತಿಕೊಂಡು ಹೋಗಿ ಗೂಡಿಗೆ ಹೆಣೆದದ್ದನ್ನು ನಾನೇ ನೋಡಿದೆ. ಅವ್ವನಿಗೆ ತೋರಿಸಿದರೆ, “ತಲಿನೋವು ಬರತದ ಅಂತಾರ. ಬರ್ಲಿ, ಅದಕ್ಕರ ಉಪಯೋಗ ಆತು” ಎಂದಳು. ಆಮೇಲೆ ಕಾಗೆಗಳು ಬೇವಿನ ಮೇಲಿನ ಕವಲಿನಲ್ಲಿ ಗೂಡು ಹಾಕಿದವು. ಗಟಾರಿನ ಕೆಲಸಕ್ಕೆ ತಂದ ಕಬ್ಬಿಣದ ತಂತಿಯ ತುಂಡು, ಪೊರಕೆ ಕಡ್ಡಿ, ಯಾರದೋ ಲಾಡಿ. ಕಾಗೆಗಳ ಕೆಲಸದಲ್ಲಿ ಚಂದ ಎಂಬುದು ಇಲ್ಲ. ಬಿಗಿಯಾಗಿರುತ್ತದೆ, ಅಷ್ಟೇ.

ಬಾವಿಯ ಪಕ್ಕದ ಹಾಸುಗಲ್ಲು ಹಾಗೇ ಇದೆ. ನೀನು ಗೌತಮನ ಜೊತೆ ಹೋದ ಮರುದಿನ ಅವ್ವ ಅದರ ಮೇಲೆ ಕುಳಿತು, ನಿನ್ನ ಹೆಸರು ಹೇಳಿ, ತಲೆಗೆ ನೀರು ಸುರಿದುಕೊಂಡಳು. ಸತ್ತವರ ಸುದ್ದಿ ಬಂದಾಗ ಮಾಡುವ ಸ್ನಾನ. ಇದು ನಿನಗೆ ಗೊತ್ತಿದ್ದದ್ದೇ; ನಿನ್ನ ಕಿವಿಗೆ ಮುಟ್ಟಲೆಂದೇ ಊರವರ ಎದುರಿಗೆ ಮಾಡಿದ್ದಳು. ನಿನಗೆ ಗೊತ್ತಿಲ್ಲದ್ದೆಂದರೆ, ಈಗ ಬೇಸಿಗೆಯಲ್ಲಿ ಅದೇ ಕಲ್ಲಿನ ಮೇಲೆ ಅವಳು ಒಡೆದ ಮಣ್ಣಿನ ಹರವಿಯ ತಳ ಇಟ್ಟು ನೀರು ತುಂಬುತ್ತಾಳೆ. ಗೊರವಂಕ, ಪಿಕಳಾರ, ಅಳಿಲು ಎಲ್ಲ ಬರುತ್ತವೆ. ಕುಡಿಯುವುದಕ್ಕಿಂತ ಹೆಚ್ಚು ಮೀಯುತ್ತವೆ. ರೆಕ್ಕೆ ಕೊಡವಿದಾಗ ಕಲ್ಲಿನ ಮೇಲೆ ಹನಿ ಬಿದ್ದು, ಕಣ್ಣೆದುರಿಗೇ ಒಣಗುತ್ತವೆ. ಅವ್ವ ಅದನ್ನು ನೋಡುತ್ತ ಕುಳಿತಿರುತ್ತಾಳೆ. ಏನು ಯೋಚಿಸುತ್ತಾಳೆ ಎಂದು ನಾನು ಕೇಳಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನು ಯಾರೂ ಕೇಳುವುದಿಲ್ಲ.

ಈ ತಿಂಗಳ ಮೊದಲ ವಾರ, ನಾನು ಸಾಲೆಗೆ ರಜೆ ಹಾಕಿದ್ದ ಒಂದು ದಿನ ಮಧ್ಯಾಹ್ನ, ಅವಳು ಕೋಲೂರಿಕೊಂಡು ಆ ನೀರು ತುಂಬಲಿಕ್ಕೇ ಹೊರಟಿದ್ದಳು. ಮೇಲೆ ಕಾಗೆಮರಿಗಳ ಸಪ್ಪಳ ಕೇಳಿಸತೊಡಗಿ ಮೂರು ನಾಲ್ಕು ದಿನವಾಗಿತ್ತು. ಬೇವಿನ ಬುಡಕ್ಕೆ ಹೋಗುತ್ತಿದ್ದಂತೆ ಕಾಗೆ ಇಳಿದು ಅವಳ ನೆತ್ತಿಗೆ ಬಡಿಯಿತು. ತಿರುಗಿ ಬಂದು ಮತ್ತೊಮ್ಮೆ ಬಡಿಯಿತು. ತಂಬಿಗೆ ಕೈಬಿಟ್ಟು ಉರುಳಿತು. ನಾನು ಓಡಿಹೋಗಿ ಹಿಡಿದುಕೊಂಡೆ. ಗಾಯವೇನೂ ಆಗಿರಲಿಲ್ಲ, ಸೆರಗು ಮಾತ್ರ ಜಾರಿತ್ತು.

ಗೋಡೆಯ ಆಚೆಯಿಂದ ಪದ್ಮವ್ವ ನೋಡಿದ್ದಳು. “ಅಯ್ಯ ಬಾಯಾರ, ಕಾಗಿ ತಲಿಗಿ ಬಡೀತಲ್ರಿ. ಸುಮ್ಮನ ಕುಂದರಬ್ಯಾಡ್ರಿ, ಲಗೂನ ಸುದ್ದಿ ಕಳಸ್ರಿ.”

ಈ ರೂಢಿ ನಿನಗೂ ನೆನಪಿರಬೇಕು. ಕಾಗೆ ತಲೆಗೆ ಬಡಿದವರಿಗೆ ಸಾವು ನಿಶ್ಚಯವಾಯಿತೆಂದು ಅರ್ಥ. ಅವರು ಸತ್ತೇ ಹೋದರೆಂದು ಹತ್ತಿರದ ಯಾರಿಗಾದರೂ ಸುಳ್ಳುಸುದ್ದಿ ಮುಟ್ಟಿಸಬೇಕು. ಕೇಳಿದವರು ನಿಜವೆಂದು ನಂಬಿ ಅತ್ತರೆ, ಸಾವು ತನ್ನ ಕೆಲಸ ಮುಗಿಯಿತೆಂದುಕೊಂಡು ಹೋಗುತ್ತದೆ. ಆಮೇಲೆ ಸುಳ್ಳೆಂದು ತಿಳಿಸಿದರಾಯಿತು. ಅಳದಿದ್ದರೆ ಫಲವಿಲ್ಲ.

“ಮರಿ ಅದಾವ, ಅದಕ್ಕ ಬಡದದ. ಅಷ್ಟ” ಎಂದೆ. ಇಪ್ಪತ್ತೈದು ವರ್ಷ ಸಾಲೆಯಲ್ಲಿ ವಿಜ್ಞಾನ ಕಲಿಸಿದವನ ಧ್ವನಿಯಲ್ಲೇ ಹೇಳಿದೆ.

ವರದಾ, ಮರ ಹತ್ತುವ ಶಟ್ಟೆಪ್ಪನನ್ನು ಕರೆಸಿ ಗೂಡು ಕೆಡವಿಸೋಣ ಎಂದಳು. ಅವ್ವ ಮಂಚದ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡು, “ಗೂಡಿಗೆ ಕೈ ಹಚ್ಚಬ್ಯಾಡ್ರಿ. ತನ್ನ ಮಕ್ಕಳ ಸಲುವಾಗಿ ಬಡದದ, ಅದರದೇನು ತಪ್ಪು?” ಎಂದಳು. ಮೊಣಕಾಲು ನೀವಿಕೊಳ್ಳುತ್ತ, “ಆದ್ರೂ ಸುದ್ದಿ ಕಳಸು, ಬಾಳ್ಯಾ” ಎಂದಳು.

ಯಾರಿಗೆ ಕಳಿಸುವುದು? ಬೈಲಹೊಂಗಲದ ಮೌಶಿ ಇದ್ದಿದ್ದರೆ ಎದೆ ಬಡಿದುಕೊಂಡು ಅಳುತ್ತಿದ್ದಳು; ಅವಳು ಹೋಗಿ ಎರಡು ವರ್ಷವಾಯಿತು. ವರದಾ, “ಕಿತ್ತೂರಿಗೆ ಫೋನ್ ಹಚ್ಚಿ ಸಮೀರಗ ಹೇಳೂಣೇನ್ರಿ ಅತ್ಯಾ?” ಎಂದಳು. “ಅವನ ಪರೀಕ್ಷಾ ನಡದಾವ” ಅಂದಳು ಅವ್ವ, “ಮ್ಯಾಲ ಅಂವ ನನ್ನ ಮಮ್ಮಗ, ನಕ್ಕಾನು.” ಪದ್ಮವ್ವ ಗೋಡೆಯ ಮೇಲೆ ಗದ್ದವಿಟ್ಟು, “ನನಗ ಹೇಳ್ರಿ ಬಾಯಾರ, ಮಸ್ತ್ ಅಳತೀನಿ ನಾ” ಎಂದಳು. “ನಿನಗ ಟೀವಿ ನೋಡಿದ್ರೂ ಅಳು ಬರತದ. ಹೊಟ್ಟೀಲೆ ಹುಟ್ಟಿದವರು ಆಗಬೇಕು” ಎಂದಳು ಅವ್ವ. ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅವ್ವ ಹಾಸುಗಲ್ಲಿನ ಕಡೆ ನೋಡುತ್ತ ಹೇಳಿದಳು:

“ಸವದತ್ತ್ಯಾಗ ಒಬ್ಬಾಕಿ ಇದ್ದಾಳಲಾ.”

ಬೇಡ ಎನ್ನಲು ಬಾಯಿ ತೆರೆದಿದ್ದೆ. ಆದರೆ ಇಷ್ಟು ವರ್ಷದಲ್ಲಿ ನಿನ್ನ ವಿಷಯಕ್ಕೆ ‘ಒಬ್ಬಾಕಿ’ ಎನ್ನುವಷ್ಟು ಕೂಡ ಅವಳ ಬಾಯಿಂದ ಬಂದದ್ದನ್ನು ಕೇಳಿರಲಿಲ್ಲ. ನೀನು ಇದ್ದೀಯ ಎಂದು ಅವಳು ಒಪ್ಪಿಕೊಂಡ ಹಾಗಾಯಿತು. ಅವಳಿಗೆ ಸಾವಿನ ಭಯವಿರಲಿಲ್ಲ, ಸುಚೇತಾ. ಕಾಗೆಯ ಭಯವೂ ಇರಲಿಲ್ಲ. ಅವಳಿಗೆ ತಿಳಿದುಕೊಳ್ಳಬೇಕಾದದ್ದು ಬೇರೆಯೇ ಇತ್ತು, ಅದಕ್ಕೆ ಕಾಗೆ ಒಂದು ನೆಪ ಕೊಟ್ಟಿತ್ತು. ಹಾಗೆಂದು ನಾನು ಅಂದುಕೊಂಡಿದ್ದೇನೆ. ತಪ್ಪಿರಬಹುದು.

ಬಾವಿಯ ಹತ್ತಿರ ಹೋಗಿ ಫೋನ್ ಹಚ್ಚಿದೆ. “ಅವ್ವ ಹೋದಳು” ಎಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ನಿಜವಾಗಿಯೇ ನಡುಗಿತು. ನಿನ್ನ ಹಿಂದೆ ಗೌತಮನ ಅಂಗಡಿಯಲ್ಲಿ ಯಾವುದೋ ಮೋಟರು ತಿರುಗುತ್ತಿತ್ತು. ಅದು ನಿಂತಿತು. “ಯಾವಾಗ ಒಯ್ಯತೀರಿ?” ಎಂದೆ ನೀನು. “ಸಂಜೀಕ” ಎಂದೆ ನಾನು. ನೀನು ಇನ್ನೊಂದು ಮಾತು ಕೇಳಿದೆ, ನಾನು ಉತ್ತರ ಕೊಡಲಿಲ್ಲ, ನೀನು ಫೋನ್ ಇಟ್ಟೆ. ನೀನು ಅಳಲಿಲ್ಲ.

ತಿರುಗಿ ಬಂದರೆ ಅವ್ವ ಗೋಡೆಗೆ ಒರಗದೆ ನೆಟ್ಟಗೆ ಕುಳಿತಿದ್ದಳು.

“ಅತ್ತಳೇನು?”

“ಅತ್ತಳು.”

“ಭಾಳ?”

“ಭಾಳ.”

ಅವಳು ಗೋಡೆಯ ಕಡೆ ಮುಖಮಾಡಿ ಮಲಗಿದಳು. ಪದ್ಮವ್ವ, “ಇನ್ನ ಚಿಂತಿಲ್ಲ ಬಿಡ್ರಿ” ಎಂದು ತನ್ನ ಕೆಲಸಕ್ಕೆ ಹೋದಳು.

ನಿಜ ತಿಳಿಸಲೆಂದು ಮತ್ತೆ ಹಚ್ಚಿದಾಗ ಗೌತಮ ಎತ್ತಿದ. “ಗಾಡಿಗೆ ಹೇಳೀನ್ರಿ ಬಾಳಣ್ಣಾರ, ಈಗ ಹೊಂಡತೇವಿ. ಯಶೋಧಾಗ ಸಾಲಿಂದ ಕರಕೊಂಡು ಬಾ ಅಂತ ಮಂದಿ ಕಳಸೀನಿ. ನಾವು ಮುಟ್ಟೂತನಾ ಎತ್ತಬ್ಯಾಡ್ರಿ” ಎಂದ. ಅವನಿಗೆ ಹೇಗೆ ಹೇಳಿದೆನೋ, ಹೇಳಿದೆ. “ಕಾಗಿ?” ಎಂದ. ಆಮೇಲೆ, “ನೀವು ಸಾಲಿ ಮಾಸ್ತರ ಅದೀರಲ್ರಿ?” ಎಂದು ಇಟ್ಟ. ಅವನು ಬೈದಿದ್ದರೆ ಚಲೋ ಇತ್ತು.

ಮರುದಿನ ಮುಂಜಾನೆ ಅವ್ವ ವರದಾಳಿಂದ ಟ್ರಂಕು ತೆಗೆಸಿದಳು. ತಳದಲ್ಲಿದ್ದ ಕೆಂಪು ಸೆರಗಿನ ಇಳಕಲ್ ಸೀರೆ ತೆಗೆಸಿ ಬಿಸಿಲಿಗೆ ಹಾಕಿಸಿದಳು. ಕುಪ್ಪಸದ ಕಣ ಯಾವುದು, ಕಾಯಿ ಮನೆಯಲ್ಲಿದೆಯೋ ತರಬೇಕೋ ಎಂದು ಕೇಳಿದಳು. “ಆಕಿ ಬಂದ್ರ ಉಡಿ ತುಂಬಬೇಕು. ಬಾ ಅಂತ ಹೇಳು ಬಾಳ್ಯಾ. ಅಷ್ಟ ಅತ್ತಾಳಂದ್ರ…” ಎಂದಳು. ವರದಾ ನನ್ನ ಕಡೆ ನೋಡಿದಳು. ಅವಳಿಗೂ ನಾನು ನಿಜ ಹೇಳಿಲ್ಲ.

ಕಳೆದ ಬುಧವಾರ ಸಂಜೆ ದೊಡ್ಡ ಗಾಳಿ ಎದ್ದು ಆಲಿಕಲ್ಲು ಮಳೆ ಬಂತು. ಕಾಗೆಯ ಗೂಡು ತಂತಿಯ ಸಮೇತ ಕೆಳಗೆ ಬಿತ್ತು. ಎರಡು ಮರಿ ಇದ್ದವು, ರೆಕ್ಕೆ ಇನ್ನೂ ಪೂರ್ತಿ ಬಂದಿರಲಿಲ್ಲ. ದಾಸವಾಳದ ಬುಡದಲ್ಲಿ ಹುಗಿದೆ. ಹುಗಿಯುವಾಗಲೂ ಕಾಗೆ ನನ್ನ ತಲೆಯ ಮೇಲೆ ಹಾರುತ್ತಿತ್ತು, ಬಡಿಯಲಿಲ್ಲ. ಮರುದಿನ ಅದು ಬಾಯಲ್ಲಿ ಏನನ್ನೋ ಹಿಡಿದುಕೊಂಡು ಬಂದು ಖಾಲಿ ಕವಲಿನಲ್ಲಿ ಬಹಳ ಹೊತ್ತು ಕುಳಿತಿತ್ತು. ಆಮೇಲೆ ತಾನೇ ನುಂಗಿತು. ಅದಕ್ಕೆ ಅರ್ಥ ಹಚ್ಚಲು ನನಗೆ ಮನಸ್ಸಿಲ್ಲ. ಅವ್ವ ನೋಡಿದಳು. ಅಂದಿನಿಂದ ಅವಳ ಊಟ ಅರ್ಧಕ್ಕೆ ಬಂದಿದೆ. ಡಾಕ್ಟರು ಬಂದು ನೋಡಿ, ವಯಸ್ಸು, ಬಿಸಿಲು ಎಂದು ಹೋದರು. ಹರವಿಗೆ ನೀರು ಈಗ ನಾನು ತುಂಬುತ್ತಿದ್ದೇನೆ. ಸೂರಕ್ಕಿಯ ಗೂಡು ಮಾತ್ರ ಹೇಗೋ ಉಳಿದಿದೆ, ಅವ್ವನ ಕೂದಲಿನ ಸಮೇತ.

ಬಾ ಎಂದು ಕರೆಯಲು ಈ ಕಾಗದ. ಆದರೆ ನಿನಗೆ ತಿಳಿಸದೆ ಕರೆಯುವುದು ಎರಡನೆಯ ಮೋಸವಾಗುತ್ತದೆ. ಅವಳು ನಿನ್ನ ಉಡಿಗೆ ಹಾಕುವ ಅಕ್ಕಿ, ಕಾಯಿ ಎಲ್ಲವೂ ನಾನು ಹೇಳಿದ ‘ಅತ್ತಳು’ ಎಂಬ ಒಂದು ಮಾತಿನ ಮೇಲೆ ನಿಂತಿವೆ. ನೀನು ಬಂದು ಸುಮ್ಮನೆ ಉಡಿಯೊಡ್ಡಬಹುದು. ಬಂದು, ನಾ ಅಳಲಿಲ್ಲ ಎಂದು ಅವಳ ಮುಖಕ್ಕೇ ಹೇಳಬಹುದು. ಬಾರದೆಯೂ ಇರಬಹುದು. ಮೂರರಲ್ಲಿ ಯಾವುದನ್ನು ಮಾಡಿದರೂ ನಿನ್ನದು ತಪ್ಪು ಎನ್ನಲು ನನ್ನಿಂದಾಗದು. ಬರುವುದಾದರೆ ಮಾತ್ರ ಬೇಗ ಬಾ. ಅವಳು ಬಾಗಿಲ ಕಡೆಗೆ ಮುಖಮಾಡಿ ಮಲಗಲು ಸುರುಮಾಡಿದ್ದಾಳೆ.

ಗೌತಮನಿಗೆ ನನ್ನ ನಮಸ್ಕಾರ ಹೇಳು. ಸಿಟ್ಟು ಇಳಿದ ಮೇಲೆ ಹೇಳು. ಯಶೋಧಾಳಿಗೆ ಆಶೀರ್ವಾದ. ಅವಳು ಎತ್ತರವಾಗಿರಬೇಕು. ನಿಮ್ಮ ಮನೆ ತಂಪಾಗಿರಲಿ, ನಿಮ್ಮ ಮಾಡಿನಲ್ಲಿ ಗುಬ್ಬಿ ಇದ್ದರೆ ಇರಲಿ ಬಿಡು.

ನಿನ್ನ ಅಣ್ಣ,
ಬಾಳಕೃಷ್ಣ

ತಾ.ಕ.: ಮೇಲೆ ಒಂದು ಮಾತನ್ನು ಬರೆಯದೆ ಬಿಟ್ಟೆ. “ಯಾವಾಗ ಒಯ್ಯತೀರಿ?” ಎಂದಾದ ಮೇಲೆ ನೀನು ದನಿ ತಗ್ಗಿಸಿ, “ನಾ ಸ್ನಾನ ಮಾಡಬೇಕೇನಣ್ಣಾ?” ಎಂದು ಕೇಳಿದೆ. ಚುಚ್ಚಲು ಕೇಳಿದ್ದಲ್ಲ. ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿದೆ. ಮದುವೆಯಾಗಿ ಹೋದ ಮಗಳು ತಾಯಿಯ ಸಲುವಾಗಿ ಸ್ನಾನ ಮಾಡುತ್ತಾಳೆ, ಅದು ನನಗೆ ಗೊತ್ತು. ತಾಯಿಯೇ ಯಾರ ಹೆಸರಿನಲ್ಲಿ ಸ್ನಾನ ಮಾಡಿ ಮುಗಿಸಿದ್ದಾಳೋ ಆ ಮಗಳು ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಸಲ ಹಚ್ಚಿದಾಗ ನೀನೆಲ್ಲಿ ಎಂದು ಮೊದಲು ಕೇಳಿದೆ. “ಬಚ್ಚಲದಾಗ ಅದಾಳ್ರಿ” ಎಂದ ಗೌತಮ. ಅವನ ಹಿಂದೆ ನೀರಿನ ಸಪ್ಪಳ ಕೇಳಿಸುತ್ತಿತ್ತು, ತಂಬಿಗೆಯಿಂದ ಸುರಿದಂತೆ, ನಡುನಡುವೆ ನಿಂತು. ನಿನ್ನೆ ಅವ್ವ ಮತ್ತೆ, “ನನ್ನ ಮಾರಿ ನೋಡಿ ಹೇಳು, ಅತ್ತಳೇನು?” ಎಂದಳು. ನಾನು ಕಲ್ಲಿನ ಮೇಲಿನ ಹರವಿಯನ್ನು ನೋಡುತ್ತಿದ್ದೆ. ಸುಚೇತಾ, ಅಂದು ಆ ನೀರನ್ನು ನೀನು ಅವ್ವನ ಹೆಸರು ಹೇಳಿ ಸುರಿದುಕೊಂಡೆಯಾ?